ಷರಾ

ತಾರೀಖು, ಗಂಟೆ, ಮಟ್ಟ, ಷರಾ.
ನಾಲ್ಕೇ ಮನೆ ಈ ಪುಸ್ತಕಕ್ಕೆ.
ಬೆಳಿಗ್ಗೆ ಎಂಟಕ್ಕೆ ಮೆಟ್ಟಿಲಿಳಿದು
ಕಲ್ಲುಕಂಬದ ಬಿಳಿ ಹಲಗೆಯಲ್ಲಿ
ನೀರು ಯಾವ ಅಂಕಿಯನ್ನು ನೆಕ್ಕುತ್ತಿದೆ ನೋಡಿ
ಬರೆದು, ಫೋನಿನಲ್ಲಿ ಹೇಳುವುದು ನನ್ನ ಕೆಲಸ.
ಕೊನೆಯ ಮನೆಯಲ್ಲಿ ಮಾವ ಬೆಳ್ಯಪ್ಪನವರು
ಮೂವತ್ತೊಂದು ವರ್ಷ ಬರೆದದ್ದು ಎರಡೇ ಸಂಗತಿ:
ಮಳೆ.
ಮಳೆಯಿಲ್ಲ.

ಬರೆಯಬಹುದಿತ್ತು:
ಪಡುವಣದಿಂದ ಬಂದ ಕಾವೇರಿ ನಮ್ಮ ಪೇಟೆಯ ಕೆಳಗೆ
ಮೊಣಕೈ ಮಡಚಿ ಬಡಗಣಕ್ಕೆ ತಿರುಗುತ್ತಾಳೆ.
ತಿರುವಿನ ಒಳದಡ ನಮ್ಮದು, ಮರಳು ನಮಗೆ;
ಹೊರದಡ ಮೈಸೂರು ಸೀಮೆಯದು, ಕೊರೆತ ಅವರಿಗೆ.
ವರ್ಷಕ್ಕೊಂದು ಗೇಣು ಹೊಗೆಸೊಪ್ಪಿನ ಹೊಲ
ಯಾವ ತಹಶೀಲ್ದಾರರ ಸಹಿಯೂ ಇಲ್ಲದೆ
ಜಿಲ್ಲೆ ಬದಲಿಸುತ್ತದೆ.

ಊರು ಕಡವಿನಪೇಟೆ. ಬೆಟ್ಟದ ಕಡೆಯವರಿಗೆ ಬರೀ ಕಡವು.
ಬ್ರಿಟಿಷರ ನಕ್ಷೆಯಲ್ಲಿ ಕಡಪೆಟ್ಟು;
ಬರೆದುಕೊಂಡ ಸರ್ವೇಯರನಿಗೆ ಆ ದಿನ ಹಲ್ಲುನೋವಿತ್ತು
ಎನ್ನುತ್ತಿದ್ದರು ಮೊಯ್ದು ಕಾಕ.
ನಾವು ಎದುರಿಗಿರುವುದನ್ನು ಆಚೆದಡ ಅನ್ನುತ್ತೇವೆ,
ಅವರೂ ನಮ್ಮನ್ನು ಅದನ್ನೇ ಅನ್ನುತ್ತಾರೆ.
ಹಾಗಾಗಿ ಆಚೆದಡ ಎಂಬ ಊರು ಎರಡಿವೆ,
ಈಚೆದಡ ಇಲ್ಲವೇ ಇಲ್ಲ.

ಕಾಕನ ಮುತ್ತಜ್ಜ ಘಟ್ಟ ಹತ್ತಿ ಬಂದದ್ದು
ಆರು ಎತ್ತು, ಉಪ್ಪು, ಒಣಮೀನಿನ ಹೇರು ಹೊತ್ತು.
ಹೊಳೆ ತುಂಬಿತ್ತು. ಹರಿಗೋಲಿನವನು
ಮೂರು ಕಾಸು ಹೆಚ್ಚು ಕೇಳಿದ.
ನೀರಿಳಿಯಲಿ, ನಡೆದೇ ದಾಟುತ್ತೇನೆ ಎಂದು
ಅತ್ತಿಮರದಡಿ ಹೇರು ಇಳಿಸಿದರಂತೆ.
ನೀರು ಇಳಿಯುವಷ್ಟರಲ್ಲಿ ಉಪ್ಪು ಮಾರಿಹೋಗಿತ್ತು,
ಮೂರು ಮನೆಯವರು ಸಾಲ ಹೇಳಿದ್ದರು.
ಸಾಲ ವಸೂಲಿಗೆ ಕಾದರು. ಇನ್ನೂ ಕಾಯುತ್ತಿದ್ದಾರೆ.
ಪೇಟೆ ಎಂದರೆ ಅಷ್ಟೇ.

ಕೊಡಗು ಬೇರೆ ರಾಜ್ಯವಾಗಿದ್ದಾಗ
ಸೇತುವೆಯ ಬಾಯಲ್ಲಿ ನಾಕಾ, ಅಡ್ಡಕ್ಕೊಂದು ಬಿದಿರುಗಳ.
ಕಿತ್ತಳೆ ಗಾಡಿಗಳನ್ನು ಎಣಿಸಿ ಎಣಿಸಿ
ಗುಮಾಸ್ತರ ಬೆರಳೂ ಹುಳಿ ವಾಸನೆ.
ಐವತ್ತಾರರ ನವೆಂಬರ್ ಒಂದಕ್ಕೆ
ಎರಡೂ ದಡ ಒಂದೇ ರಾಜ್ಯವಾಯಿತು.
ಗುಮಾಸ್ತರ ಹೆಂಡತಿ ತುಂಗಾಬಾಯಿ
ಅದೇ ಗಳದ ಮೇಲೆ ಸೀರೆ ಹರವಿದರು.
ಗಡಿಯಿಂದ ಸಂಜೆವರೆಗೂ ನೀರು ತೊಟ್ಟಿಕ್ಕಿತು.

ಅಕ್ಕಿಗಿರಣಿಯ ಗೋಡೆಯಲ್ಲಿ ಟಾರಿನ ಗೆರೆಗಳಿದ್ದವು.
ಮೊಣಕಾಲಿಗೆ ಒಂದು, ೨೪ ಎಂದು.
ಸೊಂಟಕ್ಕೆ ಇನ್ನೊಂದು, ೬೧.
ಹತ್ತೊಂಬತ್ತರ ಕಕ್ಕಡದ್ದು ಎಲ್ಲಿ ಎಂದು ಕೇಳಿ,
ಜನ ಗಾಳಿಯಲ್ಲಿ ಕೈಯೆತ್ತಿ ತೋರಿಸುತ್ತಾರೆ:
ಇಷ್ಟು.
ಗೋಡೆಯೇ ಇಲ್ಲ.

ಆ ಬೆಳಿಗ್ಗೆ ಎಂಟಕ್ಕೆ ನಾನು ಹೋದೆ.
ಮೆಟ್ಟಿಲಿರಲಿಲ್ಲ, ಕೇರಿಯಿರಲಿಲ್ಲ,
ಒಂದು ಗ್ಯಾಸ್ ಸಿಲಿಂಡರು ತಲೆಯಾಡಿಸುತ್ತ ಹೋಯಿತು.
ಷರಾದಲ್ಲಿ ಮೊದಲ ಸಲ ಪೂರ್ತಿ ವಾಕ್ಯ ಬರೆದೆ:
ಕಂಬ ಕಾಣುತ್ತಿಲ್ಲ.
ಆಫೀಸಿನಿಂದ ಜ್ಞಾಪನ ಬಂತು:
ಅಂಕಿ ಕಡ್ಡಾಯ.

ಅಂಕಿ ಗೊತ್ತಿದ್ದವನು ಎರವರ ಚಾತ.
ಮೂರು ರಾತ್ರಿ ಮರದ ಮೇಲೆ ಕೂತಿದ್ದವನು.
ನೇರಳೆಯ ಎರಡನೇ ಕವಲಿಗೆ ಬಂತು,
ಕಾಲು ಎಳೆದುಕೊಂಡೆ, ನಿಂತಿತು, ಎಂದ.
ಮಾಗಿಯಲ್ಲಿ ಅವನೇ ಟೇಪು ಹಿಡಿದು ಹತ್ತಿದ,
ಚಗಳಿ ಕಚ್ಚಿಸಿಕೊಂಡು, ನನ್ನನ್ನೂ ಸರ್ಕಾರವನ್ನೂ ಬಯ್ದು.
ಹನ್ನೊಂದು ಮೀಟರು ನಲವತ್ತು.
ಫೋನು ಮಾಡಿದೆ. ಆ ಕಡೆಯ ಹುಡುಗ ಮೆಲ್ಲಗೆ ಹೇಳಿದ,
ಆ ವರ್ಷದ್ದು ಅಚ್ಚಾಗಿ ಹೋಗಿದೆಯಮ್ಮ.

ಆ ಮೇಲೆ ಅರ್ಧ ಕೇರಿ
ಬೆಟ್ಟದ ಸೈಟುಗಳಿಗೆ ಹೋಯಿತು.
ಅಲ್ಲಿ ನಲ್ಲಿ ಬಿಟ್ಟರೆ ನೀರಿನ ಸದ್ದಿಲ್ಲ.
ನಿದ್ದೆ ಬರುವುದಿಲ್ಲ ಎಂದು
ಪಾತುಮ್ಮ ಈಗಲೂ ಮಧ್ಯಾಹ್ನ ಇಳಿದು ಬಂದು
ಸೋಪಾನದ ಮೇಲೆ ಒಂದು ಗಂಟೆ ಮಲಗಿ ಹೋಗುತ್ತಾಳೆ.

ಇವತ್ತು ಏಪ್ರಿಲ್ ಹದಿನೇಳು. ಬಂಡೆಯೊಳಗಿಂದ
ಹರಿಗೋಲು ಕಟ್ಟುತ್ತಿದ್ದ ಕಬ್ಬಿಣದ ಬಳೆ
ತಲೆಯೆತ್ತಿದೆ. ಯಾರೋ ಅದಕ್ಕೆ
ಹಸಿರು ಹಗ್ಗದಲ್ಲಿ ಆಡು ಕಟ್ಟಿದ್ದಾರೆ.

ಗಂಟೆ ಎಂಟು. ಮಟ್ಟ ಸೊನ್ನೆ ದಶಾಂಶ ಮೂರು ಒಂದು.
ಷರಾ: ಆಡು ಒಂದು. ಆಚೆದಡದ್ದು.